ಕತ್ತೆಯ ಟ್ರಸ್ಟಿ

ಗುರುವಾರ ಬೆಳಿಗ್ಗೆ ಆಂಬ್ರೋಸ್ ಸ್ಯಾಮ್‌ವೇಸ್ ಚಹಾಕ್ಕೆ ಹಾಲು ಹುಯ್ದುಕೊಳ್ಳುತ್ತಿದ್ದಾಗ ವಕೀಲ ಪೆನ್‌ಫೋಲ್ಡರ ಕಾಗದ ಬಂತು. ಓದಿ ಮುಗಿಸುವಷ್ಟರಲ್ಲಿ ಹಾಲು ಬಟ್ಟಲು ತುಂಬಿ, ತಟ್ಟೆ ತುಂಬಿ, ಮಂಡಿಯ ಮೇಲೆ ಇಳಿದಿತ್ತು.

ಮೂರು ವಾರದ ಹಿಂದೆ ತೀರಿಕೊಂಡ ಹ್ಯಾಲೆಟ್ ಮುದುಕಿ ತನ್ನ ಕತ್ತೆಗಾಗಿ ಒಂದು ಟ್ರಸ್ಟ್ ಬರೆದಿಟ್ಟಿದ್ದಳು. ಕತ್ತೆಯ ಹೆಸರು ಬಿಷಪ್. ಕೊಳದ ಪಕ್ಕದ ಹುಲ್ಲುಗಾವಲು, ಮೇವಿಗೆ ಒಂದಿಷ್ಟು ದುಡ್ಡು, ಎಲ್ಲ ಅದರ ಸುಖಕ್ಕೆ. ಅದು ಬದುಕಿರುವ ತನಕ, ಹೆಚ್ಚೆಂದರೆ ಇಪ್ಪತ್ತೊಂದು ವರ್ಷ. ನೋಡಿಕೊಳ್ಳುವ ಟ್ರಸ್ಟಿ ಆಂಬ್ರೋಸ್. ‘ಯಾಕೆಂದರೆ ಅವನಿಗೆ ಇಲ್ಲ ಎನ್ನಲು ಬಾರದು’ ಎಂದು ಉಯಿಲಿನಲ್ಲೇ ಬರೆದಿದ್ದಳು.

ಆಂಬ್ರೋಸ್ ನಲವತ್ತೆರಡು ವರ್ಷ ಡಾರ್ಸೆಟ್ಟಿನ ಆ ಹಳ್ಳಿಯ ಗಿಡಬೇಲಿಗಳನ್ನು ಕಡಿದು, ಬಗ್ಗಿಸಿ, ಹೆಣೆದವನು. ಈಗ ಮಂಡಿ ಬಗ್ಗುತ್ತಿರಲಿಲ್ಲ. ಶನಿವಾರ ವೇಮತ್ ಪಟ್ಟಣದ ತಂಗಿ ಮೇಬಲ್‌ಳ ಮನೆಗೆ ಹೋಗಿ ಇದ್ದುಬಿಡುವುದೆಂದು ನಿಶ್ಚಯವಾಗಿತ್ತು. ಅವಳು ಕೊಡುವ ಕೋಣೆಗೆ ಸಮುದ್ರದ ಕಡೆ ಕಿಟಕಿ. ಆ ಮನೆಯ ಮಾಲೀಕನೋ, ಪಂಜರದ ಹಕ್ಕಿಯನ್ನೂ ಒಳಗೆ ಬಿಡದ ಮಹಾರಾಯ.

ಆಂಬ್ರೋಸ್ ಅಂಚೆ ಕಚೇರಿಗೆ ಕುಂಟುತ್ತ ಓಡಿ ವಕೀಲರಿಗೆ ಫೋನು ಮಾಡಿದ. ಅಂಚೆಯ ಬಗ್ಲರ್ ಅಮ್ಮ ಎಂದಿನಂತೆ ಒಳಗಿನ ಇನ್ನೊಂದು ಫೋನನ್ನು ಎತ್ತಿಕೊಂಡಳು. ತಂತಿ ಸರಿಯಿದೆಯೇ ಎಂದು ನೋಡುವುದು ತನ್ನ ಕರ್ತವ್ಯವೆಂದು ಅವಳು ನಂಬಿದ್ದಳು.

“ಬೇಡ ಅಂದ್ರೆ ಬಿಡಬಹುದು ಸ್ಯಾಮ್‌ವೇಸ್,” ಎಂದರು ಪೆನ್‌ಫೋಲ್ಡ್. “ಬಲವಂತದ ಟ್ರಸ್ಟಿ ಅಂತ ಯಾರೂ ಇಲ್ಲ. ನಾಲ್ಕು ಗಂಟೆಗೆ ನಿರಾಕರಣೆ ಪತ್ರ ತಗೊಂಡು ನಾನೇ ಬರ್ತೀನಿ. ಅಲ್ಲೀವರೆಗೆ ಟ್ರಸ್ಟಿನ ಆಸ್ತಿ ಮುಟ್ಟಬೇಡಿ. ಒಂದು ಹುಲ್ಲುಕಡ್ಡಿ ಹಾಕಿದ್ರೂ ಒಪ್ಪಿಕೊಂಡ ಹಾಗೇ ಲೆಕ್ಕ. ಆಮೇಲೆ ಬೇಡ ಅನ್ನೋಕಾಗಲ್ಲ.”

“ಕತ್ತೆ ಕಡೆ ನೋಡಬಹುದಾ ಸ್ವಾಮಿ?”

“ದೂರದಿಂದ ನೋಡಿ.”

ಅವನು ಮನೆ ಸೇರುವ ಮೊದಲೇ ಸುದ್ದಿ ಊರು ಸೇರಿತು. ಬಗ್ಲರ್ ಅಮ್ಮನ ಬಾಯಲ್ಲಿ ಅದಕ್ಕೆ ಒಂದು ಬಾಲವೂ ಬೆಳೆದಿತ್ತು: ಬಿಷಪ್‌ನನ್ನು ಯಾರು ಮುಟ್ಟಿದರೋ ಅವರೇ ಟ್ರಸ್ಟಿ, ಇಪ್ಪತ್ತೊಂದು ವರ್ಷ! ಮೂರು ವಾರದಿಂದ ಸರದಿಯ ಮೇಲೆ ಮೇವು ಹಾಕುತ್ತಿದ್ದ ಊರು ಆ ಕ್ಷಣವೇ ಕೈ ಹಿಂದಕ್ಕೆಳೆದುಕೊಂಡಿತು.

ಗಾವಲಿನ ಹುಲ್ಲನ್ನು ಎಂದೋ ಬೋಳಿಸಿ ಮುಗಿಸಿದ್ದ ಬಿಷಪ್ ಹತ್ತು ಗಂಟೆಗೆ ಹಸಿದು ಬೇಲಿ ಮುರಿದುಕೊಂಡು ಹೊರಬಂದ. ಆಂಬ್ರೋಸ್ ಕೈಯಾರೆ ಹೆಣೆದ ಬೇಲಿ ಅದು. ಬಾಯಿ ಬಿಟ್ಟ ಆ ಕಿಂಡಿಯನ್ನು ನೋಡಿ ಅವನ ಬೆರಳುಗಳು ಕಜ್ಜಿ ಎದ್ದ ಹಾಗೆ ತುರಿಸಿದವು. ಆದರೆ ಬೇಲಿಯೂ ಟ್ರಸ್ಟಿನದೇ. ಎರಡೂ ಕೈ ಜೇಬಿಗೆ ತುರುಕಿಕೊಂಡು ನಿಂತ.

ಪಬ್ಬಿನ ಒಡತಿ ಡಾರ್ಕಸ್ ಕ್ಯಾರೆಟ್ ತುಂಬಿದ ಬುಟ್ಟಿ ತಂದು ಅವನ ಕಾಲಬಳಿ ಕುಕ್ಕಿದಳು. “ಪಾಪ, ಹೊಟ್ಟೆ ಬೆನ್ನಿಗಂಟಿದೆ. ತಿನ್ನಿಸೋ ಪುಣ್ಯಾತ್ಮ!”

“ನೀನೇ ತಿನ್ನಿಸು.”

“ನನಗ್ಯಾಕಪ್ಪಾ? ನನಗೊಂದು ಪಬ್ಬಿದೆ, ಒಬ್ಬ ಗಂಡನಿದ್ದಾನೆ. ಮೂರನೇ ಕತ್ತೆ ಬೇಡ.”

ಬಿಷಪ್ ಆಸೆಯಿಂದ ಮೂತಿ ಚಾಚಿದ. ಆಂಬ್ರೋಸ್ ಗಾಬರಿಯಲ್ಲಿ ಬುಟ್ಟಿಯನ್ನು ಎದೆಗವಚಿಕೊಂಡು, ಏನು ಮಾಡಲೂ ತೋಚದೆ, ಒಂದು ಕ್ಯಾರೆಟ್ಟನ್ನು ತಾನೇ ಕಚ್ಚಿ ತಿಂದ. ಹಸಿದ ಕತ್ತೆಯ ಕಣ್ಣೆದುರಿಗೆ! ಊರು ಅದನ್ನು ಕ್ಷಮಿಸಲಿಲ್ಲ.

ಮಧ್ಯಾಹ್ನ ಬಿಷಪ್ ಚರ್ಚಿನ ಗಂಟೆ ಬಾರಿಸುವ ಸೆತ್‌ನ ಹಿತ್ತಿಲಿಗೆ ನುಗ್ಗಿ, ತರಕಾರಿ ಪ್ರದರ್ಶನಕ್ಕೆಂದು ಬೆಳೆಸಿದ್ದ ತಲೆಗಾತ್ರದ ಈರುಳ್ಳಿಗಳನ್ನು ಮುಗಿಸಿದ. ಸೆತ್ ಗುದ್ದಲಿ ಹಿಡಿದುಕೊಂಡೇ ಬಂದ.

“ಏನಯ್ಯಾ ಟ್ರಸ್ಟಿ! ಕಟ್ಟಿಹಾಕ್ತೀಯೋ ಇಲ್ವೋ ನಿನ್ನ ಕತ್ತೇನ?”

“ನನ್ನದಲ್ಲ ಸೆತ್.”

“ಕಾನೂನು ನನಗೂ ಗೊತ್ತು. ಕಾಗದದ ಮೇಲೆ ಯಜಮಾನ ನೀನು, ಅನುಭವಿಸೋನು ಅವನು. ಫಲಾನುಭವಿ!”

“ನಾಲ್ಕು ಗಂಟೆ ತನಕ ನಾನು ಏನೂ ಅಲ್ಲ ಮಾರಾಯ.”

“ಅದು ನಲವತ್ತು ವರ್ಷದಿಂದ ಊರಿಗೇ ಗೊತ್ತು,” ಎಂದು ಸೆತ್ ಉಗುಳಿ ಹೋದ.

ಮೂರೂವರೆಗೆ ಬಿಷಪ್ ಈರುಳ್ಳಿಯ ಖಾರಕ್ಕೆ ನೀರು ಕುಡಿಯಲು ಕೊಳಕ್ಕಿಳಿದು ಕೆಸರಿನಲ್ಲಿ ಹೂತುಕೊಂಡ. ಮೊದಲು ಮಂಡಿ, ಆಮೇಲೆ ಹೊಟ್ಟೆ. ಊರೆಲ್ಲ ದಡಕ್ಕೆ ಬಂತು. ಒಬ್ಬರು ಹಗ್ಗ ತಂದರು, ಇನ್ನೊಬ್ಬರು ಹಲಗೆ ತಂದರು, ಎಲ್ಲವನ್ನೂ ಆಂಬ್ರೋಸನ ಮುಂದೆ ಗುಡ್ಡೆ ಹಾಕಿ ಎರಡು ಹೆಜ್ಜೆ ಹಿಂದೆ ಸರಿದರು.

“ಕಲ್ಲೆದೆಯವನೇ! ಕ್ಯಾರೆಟ್ ಕಳ್ಳ!” ಎಂದಳು ಬಗ್ಲರ್ ಅಮ್ಮ. “ಅದು ನಿನ್ನನ್ನೇ ನೋಡ್ತಾ ಇದೆಯಲ್ಲೋ!”

ನೋಡುತ್ತಿದ್ದುದು ನಿಜ. ಆಂಬ್ರೋಸ್ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಸಮುದ್ರದ ಕಿಟಕಿಯನ್ನು ನೆನೆದುಕೊಂಡ. ಕಿಟಕಿಯಲ್ಲೂ ಎರಡು ಉದ್ದನೆಯ ಕಿವಿ ಕಂಡವು.

ಚರ್ಚಿನ ಗಡಿಯಾರ ನಾಲ್ಕು ಹೊಡೆಯುತ್ತಿದ್ದಂತೆ ಪೆನ್‌ಫೋಲ್ಡರ ಕಾರು ಬಂತು. ಅವರು ಇಳಿಯುವುದಕ್ಕೂ ಬಿಡದೆ ಆಂಬ್ರೋಸ್ ಪತ್ರ ಕಿತ್ತುಕೊಂಡು ಕಾರಿನ ಮೂತಿಯ ಮೇಲಿಟ್ಟು ಸಹಿ ಹಾಕಿದ.

“ಮುಗೀತಾ ಸ್ವಾಮಿ? ನಾನು ಟ್ರಸ್ಟಿ ಅಲ್ಲ ತಾನೇ?”

“ಅಲ್ಲವೇ ಅಲ್ಲ. ಆದರೆ ಇನ್ನೊಂದು...”

ಕೇಳಲು ಆಂಬ್ರೋಸ್ ಅಲ್ಲಿರಲಿಲ್ಲ. ಹಲಗೆ ಹಾಕಿಕೊಂಡು ಕೆಸರಿಗೆ ನುಗ್ಗಿದ್ದ. ಬಿಷಪ್‌ನ ಹೊಟ್ಟೆಗೆ ಹಗ್ಗ ಬಿಗಿದು, ಹೆಗಲು ಕೊಟ್ಟು, ಬಯ್ದು, ಮುದ್ದಿಸಿ ದಡಕ್ಕೆ ತಂದ. ತನ್ನ ಕೋಟು ಬಿಚ್ಚಿ ಹೊದಿಸಿದ. ಉಳಿದ ಕ್ಯಾರೆಟ್ಟನ್ನೆಲ್ಲ ಒಂದೊಂದಾಗಿ ತಿನ್ನಿಸಿದ. ಇಡೀ ದಿನ ಕಟ್ಟಿಟ್ಟುಕೊಂಡಿದ್ದ ಕರುಣೆ ಕಟ್ಟೆಯೊಡೆದು, ಕತ್ತೆಯ ಕತ್ತನ್ನು ತಬ್ಬಿಕೊಂಡು, “ನನ್ನಪ್ಪಾ, ನನ್ನ ರಾಜಾ” ಎಂದ. ಊರು ಚಪ್ಪಾಳೆ ತಟ್ಟಿತು. ಡಾರ್ಕಸ್ ಸೆರಗಿಲ್ಲದ್ದಕ್ಕೆ ಹೆಗಲ ಮೇಲಿದ್ದ ಮೇಜು ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು.

ಪೆನ್‌ಫೋಲ್ಡ್ ಗಂಟಲು ಸರಿಮಾಡಿಕೊಂಡರು. ಕೈಯಲ್ಲಿ ಅರಗಿನ ಮುದ್ರೆ ಒಡೆದ ಒಂದು ಲಕೋಟೆಯಿತ್ತು.

“ನೀವು ಸಹಿ ಹಾಕಿದ ಮೇಲೆಯೇ ಇದನ್ನ ಒಡೀಬೇಕು ಅಂತ ಆಯಮ್ಮನ ಅಪ್ಪಣೆಯಾಗಿತ್ತು. ಓದ್ತೀನಿ. ‘ಆಂಬ್ರೋಸ್ ಟ್ರಸ್ಟಿಯಾಗಲು ಒಪ್ಪದಿದ್ದರೆ, ಹುಲ್ಲುಗಾವಲು ಮತ್ತು ಮೇವಿನ ಹಣ ಚರ್ಚಿನ ಗಂಟೆ ಬಾರಿಸುವವರಿಗೆ. ಬಿಷಪ್ ಮಾತ್ರ ಆಂಬ್ರೋಸನಿಗೆ, ಅವನ ಸ್ವಂತಕ್ಕೆ, ನನ್ನ ಪ್ರೀತಿಯ ಕಾಣಿಕೆ.’”

ಸೆತ್ ಟೋಪಿ ತೆಗೆದು ಆಕಾಶಕ್ಕೆ ನಮಸ್ಕಾರ ಮಾಡಿದ.

ಆಂಬ್ರೋಸ್ ಕತ್ತೆಯ ಕತ್ತಿನಿಂದ ಕೈ ತೆಗೆದ. “ಕಾಣಿಕೇನೂ ಬೇಡ ಅನ್ನಬಹುದಲ್ವಾ ಸ್ವಾಮಿ?”

“ಧಾರಾಳವಾಗಿ. ಐದು ನಿಮಿಷದ ಹಿಂದೆ ಅಂದಿದ್ರೆ. ಈಗ ಹಗ್ಗ ಕಟ್ಟಿದ್ದೀರಿ, ಕೋಟು ಹೊದಿಸಿದ್ದೀರಿ, ‘ನನ್ನ ರಾಜಾ’ ಅಂದಿದ್ದೀರಿ. ಇದಕ್ಕಿಂತ ದೊಡ್ಡ ಒಪ್ಪಿಗೆ ಬೇಕಾ? ಸಾಕ್ಷಿ ಯಾರ್‍ಯಾರು?”

“ನಾವೆಲ್ಲಾ!” ಎಂದಿತು ಊರು ಒಂದೇ ದನಿಯಲ್ಲಿ.

ಬಿಷಪ್ ಹೊಸ ಯಜಮಾನನ ಹೆಗಲ ಮೇಲೆ ಗದ್ದವಿಟ್ಟು ಈರುಳ್ಳಿಯ ತೇಗು ತೇಗಿದ.

“ಬೇಜಾರು ಮಾಡ್ಕೋಬೇಡಿ,” ಎಂದರು ಪೆನ್‌ಫೋಲ್ಡ್ ಕಾರು ಹತ್ತುತ್ತ. “ಟ್ರಸ್ಟಿ ಆಗಿದ್ರೆ ಹತ್ತಾರು ಕಟ್ಟುಪಾಡು. ಸ್ವಂತ ಮಾಲೀಕನಿಗೆ ಯಾರ ಹಂಗೂ ಇಲ್ಲ. ಈ ಕ್ಷಣವೇ ಯಾರಿಗೆ ಬೇಕಾದ್ರೂ ದಾನ ಕೊಟ್ಟುಬಿಡಬಹುದು.”

ಆಂಬ್ರೋಸನ ಮುಖ ಅರಳಿತು. ಹಗ್ಗದ ತುದಿ ಹಿಡಿದುಕೊಂಡು, ಬೆಳಗಿನಿಂದ ಬಿಷಪ್‌ಗಾಗಿ ಎದೆ ಬಡಿದುಕೊಂಡಿದ್ದ ಜನದ ಕಡೆ ತಿರುಗಿದ.

ದಡದ ಮೇಲೆ ಒಂದು ಹಲಗೆಯೂ ಖಾಲಿ ಬುಟ್ಟಿಯೂ ಬಿದ್ದಿದ್ದವು. ಪಬ್ಬಿನ ಕಡೆಯಿಂದ ಅಗಳಿ ಹಾಕಿದ ಸದ್ದು ಕೇಳಿಸಿತು.