ನಮ್ಮ ಮನೆಯಲ್ಲಿ ಉಂಡವರು ಗೋಲು ಹೊಡೆಯಲಿಲ್ಲ

ಗದಗಿನ ಪೇಟೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಮದುವೆಗೆ ಪಾತ್ರೆ ಒಯ್ಯಲು ಬಂದವರಿಗೆ ಅಡಿಗೆಯವರು ಯಾರು ಒಳ್ಳೆಯವರು, ಪೆಂಡಾಲಿನವರು ಯಾರು ಮೋಸಗಾರರು ಎಂದು ಹೇಳುತ್ತಾ ಹೇಳುತ್ತಾ, ಈ ಜಿಲ್ಲೆಯಲ್ಲಿ ನಾನಿಲ್ಲದೆ ಯಾವ ಕಾರ್ಯವೂ ನಡೆಯುವುದಿಲ್ಲ ಎಂಬ ಭ್ರಮೆ ನನಗೆ ಹತ್ತಿಬಿಟ್ಟಿತ್ತು. ಹೀಗಾಗಿ ಮಗಳು ಸ್ಮಿತಾ ಒಂದು ಸಂಜೆ ಮೊಬೈಲ್ ಹಿಡಿದುಕೊಂಡು ಬಂದು, "ಅಪ್ಪಾ, ಒಂದು ಫುಟ್‌ಬಾಲ್ ಮ್ಯಾಚ್ ಆಗಬೇಕಾಗೇತಿ" ಎಂದಾಗ ನಾನು ಗಾಬರಿಯಾಗಲಿಲ್ಲ.

"ಎಷ್ಟು ಮಂದಿಗಿ ಊಟ?" ಎಂದು ಕೇಳಿದೆ.

ಸ್ಮಿತಾ ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟು ಕೂತಳು. ವಿಷಯ ಇಷ್ಟು. ಅವಳು ತನ್ನ ಕಾಲೇಜಿನ ತಂಡದ ಗೋಲ್‌ಕೀಪರ್. ಫುಟ್‌ಬಾಲಿನಲ್ಲಿ ನನಗೆ ತಿಳಿಯುವುದೂ ಅಷ್ಟೇ: ಎಲ್ಲರೂ ಕಾಲಿನಿಂದ ಆಡುವ ಆಟದಲ್ಲಿ ನನ್ನ ಮಗಳೊಬ್ಬಳು ಕೈಯಿಂದ ಆಡುತ್ತಾಳೆ. ಅಮೆರಿಕದ ಕಾಲೇಜುಗಳಲ್ಲಿ ಚೆನ್ನಾಗಿ ಆಡುವವರಿಗೆ ಸ್ಕಾಲರ್‌ಶಿಪ್ ಕೊಟ್ಟು ಓದಿಸುತ್ತಾರಂತೆ. ಸ್ಕಾಲರ್‌ಶಿಪ್ ಸಿಕ್ಕರೆ ಹೋಗುವುದು, ಇಲ್ಲದಿದ್ದರೆ ಇಲ್ಲ. ಅಂಗಡಿಯ ಪಾತ್ರೆಯನ್ನೆಲ್ಲ ಮಾರಿದರೂ ನಾನು ಅವಳನ್ನು ವಿಮಾನದ ಬಾಗಿಲವರೆಗೆ ಮುಟ್ಟಿಸಬಲ್ಲೆನೇ ಹೊರತು ಒಳಗೆ ಕೂಡಿಸಲಾರೆ. ಅವಳು ಕಂಡಕಂಡ ಕಾಲೇಜಿಗೆಲ್ಲ ಬರೆದಿದ್ದಳು. ಉತ್ತರ ಕೊಟ್ಟದ್ದು ಒಬ್ಬಳೇ ಒಬ್ಬಳು ಕೋಚ್ ಬಾಯಿ. ಅವರ ತಂಡಕ್ಕೆ ಬೇಕಾದದ್ದು ಒಬ್ಬಳೇ ಗೋಲ್‌ಕೀಪರ್. ಚೂರುಪಾರು ವಿಡಿಯೋ ಬೇಡ, ಒಂದು ಇಡೀ ಪಂದ್ಯದ್ದು ಬೇಕು, ಎಲ್ಲಿಯೂ ಕತ್ತರಿಸಿರಬಾರದು, ಬೇಗ ಕಳಿಸು ಎಂದು ಬರೆದಿದ್ದಳು.

"ಗಟ್ಟಿ ಟೀಮ್ ಬೇಕಪ್ಪಾ. ನನಗ ಮೈತುಂಬ ಕೆಲಸ ಕೊಡೂವಂಥಾದ್ದು," ಎಂದಳು ಸ್ಮಿತಾ.

"ಆತು, ನನಗ ಬಿಡು."

"ನಿನಗ ಬಿಡಾಕನ ಅಂಜಿಕಿ ಬರತೈತಿ."

ಈ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಲಕ್ಷ್ಮೇಶ್ವರದಲ್ಲಿ ಹುಡುಗಿಯರ ತಂಡವೊಂದನ್ನು ತಯಾರು ಮಾಡಿದ್ದ ನದಾಫ್ ಸರ್ ನನಗೆ ಪರಿಚಯ. ತಂಗಿಯ ಮದುವೆಗೆ ನನ್ನಲ್ಲೇ ಪಾತ್ರೆ ಒಯ್ದವರು. ಫೋನ್ ಹಚ್ಚಿದೆ. "ನಮ್ಮ ಶಾಹೀನ್ ಅಂತ ಒಬ್ಬಾಕಿ ಅದಾಳ್ರಿ. ಅಕಿ ಒದ್ದ ಬಾಲಿನ ಮುಂದ ನಿಂದ್ರಾಕ ಹುಡುಗರೂ ಅಂಜತಾರ," ಎಂದರು. ಮುಂದಿನ ಭಾನುವಾರ ಎಂದು ನಿಶ್ಚಯವಾಯಿತು. ಇಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಇಲ್ಲಿಗೇ ನಾನು ಸುಮ್ಮನೆ ಅಂಗಡಿಯಲ್ಲಿ ಕೂತಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಆದರೆ ಲಕ್ಷ್ಮೇಶ್ವರದಿಂದ ನಮ್ಮ ಸಲುವಾಗಿ ಬಂದವರನ್ನು ಹಾಗೆಯೇ ಮೈದಾನಕ್ಕೆ ಕಳಿಸುವುದು ಹೇಗೆ? ಮನೆಗೇ ಕರೆದೆ. ನನ್ನ ಹೆಂಡತಿ ಗಂಗಾ ಶಿರಾ, ಉಪ್ಪಿಟ್ಟು, ಮಿರ್ಚಿ ಭಜಿ ಮಾಡಿದ್ದಳು. ಹುಡುಗಿಯರು ನಾಚುತ್ತಾ ಚಾಪೆಯ ಮೇಲೆ ಸಾಲಾಗಿ ಕೂತರು. ಸ್ಮಿತಾ ಬಾಗಿಲಲ್ಲಿ ನಿಂತು, "ಅಪ್ಪಾ, ಆಟಕ್ಕ ಮೊದಲ ಇಷ್ಟ ತಿನಸಬ್ಯಾಡ," ಎಂದಳು.

"ಖಾಲಿ ಹೊಟ್ಟೀಲೆ ಓಡಸ್ಬೇಕೇನು ಪರರ ಮನಿ ಮಕ್ಕಳನ್ನ?" ಎಂದು ಗಂಗಾ ಇನ್ನೊಂದು ಸೌಟು ಶಿರಾ ಬಡಿಸಿದಳು.

ತಿಂಡಿಯಾದ ಮೇಲೆ ಕಾಣಿಕೆ. ಒಬ್ಬೊಬ್ಬರಿಗೆ ಒಂದೊಂದು ಸ್ಟೀಲ್ ಡಬ್ಬಿ. ಕೊಟ್ಟ ಪಾತ್ರೆಯ ಮೇಲೆ ಹೆಸರು ಕೊರೆಸುವುದು ನಮ್ಮ ಕಡೆಯ ಪದ್ಧತಿ, ಅದರಲ್ಲೂ ಕೊರೆಯುವ ಯಂತ್ರ ನನ್ನ ಅಂಗಡಿಯಲ್ಲೇ ಇದೆ. ಪ್ರತಿ ಡಬ್ಬಿಯ ಮೇಲೂ ನನ್ನ ಕೈಯಾರೆ ಕೊರೆದಿದ್ದೆ: 'ಕುಮಾರಿ ಸ್ಮಿತಾಳ ಅಮೆರಿಕ ಪ್ರಯಾಣದ ಸವಿನೆನಪಿಗಾಗಿ.' ಪ್ರಯಾಣ ಇನ್ನೂ ಆಗಿರಲಿಲ್ಲ ಎಂಬುದು ನನಗೆ ದೊಡ್ಡ ಅಡಚಣೆಯಾಗಿ ಕಾಣಲಿಲ್ಲ.

ಅಷ್ಟಕ್ಕೂ ತೃಪ್ತಿಯಾಗದೆ ಎದ್ದು ನಿಂತು ನಾಲ್ಕು ಮಾತನಾಡಿದೆ. "ನೋಡ್ರವಾ, ಇಕಿ ನಿಮಗ ತಂಗಿ ಇದ್ದಂಗ. ಇಕಿ ಪರದೇಶಕ್ಕ ಹೋಗೂದು ಇವತ್ತ ನಿಮ್ಮ ಕೈಯಾಗೈತಿ." ಇಬ್ಬರು ಹುಡುಗಿಯರು ಕಣ್ಣೊರೆಸಿಕೊಂಡರು. ಸ್ಮಿತಾ ಹಣೆ ಹಿಡಿದುಕೊಂಡಳು.

ಪಂದ್ಯ ಶುರುವಾಯಿತು. ಮೈದಾನದ ಗೋಡೆಯ ಮೇಲೆ ಸ್ಟ್ಯಾಂಡಿನಲ್ಲಿ ಮೊಬೈಲ್ ನಿಲ್ಲಿಸಿದ್ದರು. ಸ್ವಲ್ಪ ಹೊತ್ತಿಗೆ ಉದ್ದ ಜಡೆಯ ಶಾಹೀನ್ ಬಾಲು ತಳ್ಳಿಕೊಂಡು ಒಬ್ಬಳೇ ನುಗ್ಗಿ ಬಂದಳು. ಸ್ಮಿತಾ ಬಾಗಿ ಕೈ ಚಾಚಿ ನಿಂತಳು. ಶಾಹೀನ್ ಅವಳ ಮುಂದೆ ಬಂದು ನಿಂತಳು, ಅವಳ ಮುಖ ನೋಡಿದಳು, ಬಾಲನ್ನು ಹಿಂದಕ್ಕೆ ತಳ್ಳಿ ತಿರುಗಿ ಹೋದಳು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಎಲೆ-ಅಡಿಕೆ ಕೊಡುವಷ್ಟು ನಯವಾಗಿ ಬಾಲನ್ನು ಸ್ಮಿತಾಳ ಕೈಗೇ ಉರುಳಿಸಿದಳು.

"ನಮ್ಮ ಹುಡುಗಿ ಅಂದ್ರ ಎಷ್ಟು ಅಂಜತಾರ ನೋಡ್ರಿ," ಎಂದೆ ನಾನು, ಎದೆಯುಬ್ಬಿಸಿ.

ನದಾಫ್ ಸರ್ ಕೆಮ್ಮಿದರು. "ಅಂಜಿಕಿ ಅಲ್ರಿ ಅಣ್ಣಾರ, ಮರ್ಯಾದಿ. ನೀವ ಹೇಳಿದ್ರಲ್ರಿ, ನಿಮ್ಮ ಕೈಯಾಗೈತಿ ಅಂತ. ನಮ್ಮ ಹುಡುಗ್ಯಾರು ಕೈ ಬಿಡಂಗಿಲ್ಲ."

ಆಗ ನನ್ನ ತಲೆಗೆ ಹೊಳೆಯಿತು. ಮಧ್ಯಂತರದಲ್ಲಿ ಓಡಿಹೋಗಿ ಶಾಹೀನಳ ಮುಂದೆ ಕೈಮುಗಿದೆ. "ನಮ್ಮವ್ವಾ, ಗೋಲಿನ್ಯಾಗ ಜೋರ್ಲೆ ಒದಿ."

"ಹೆಂಗ ಒದೀಲ್ರಿ ಕಾಕಾ? ಈಗರೆ ನಿಮ್ಮ ಮನ್ಯಾಗ ಶಿರಾ ತಿಂದು ಬಂದೀವಿ. ನೀವು ಕೊಟ್ಟ ಡಬ್ಬಿ ಗಾಡ್ಯಾಗ ಐತಿ. ಅಕಿಗೆ ಬಡೀತಂದ್ರ?"

"ಬಡೀಲಿ. ಮಾರಿಗೆ ಬಡದ್ರೂ ನಡೀತೈತಿ."

ಇದನ್ನು ಕೇಳಿಸಿಕೊಂಡ ಗಂಗಾ, "ಹೊಟ್ಟ್ಯಾಗ ಹುಟ್ಟಿದ ಮಗಳ್ರಿ ಅಕಿ," ಎಂದು ಎಲ್ಲರ ಎದುರು ನನ್ನನ್ನು ತರಾಟೆಗೆ ತೆಗೆದುಕೊಂಡಳು.

ದ್ವಿತೀಯಾರ್ಧದಲ್ಲಿ ಹುಡುಗಿಯರು ನನ್ನ ಮಾತು ಮೀರಲಾರದೆ ಒದ್ದರು, ನಿಜ. ಆದರೆ ಎಲ್ಲವೂ ಗೋಲಿನ ಮೇಲಿನಿಂದ. ಒಂದು ಹೋಗಿ ನನ್ನ ಸ್ಕೂಟರಿನ ಕನ್ನಡಿಗೆ ಬಡಿಯಿತು. ಮಗಳು ಸುಮ್ಮನೆ ಬಿಸಿಲಲ್ಲಿ ನಿಂತಿದ್ದಾಳೆಂದು ಗಂಗಾ ಒಂದು ಲೋಟ ಮಜ್ಜಿಗೆ ಹಿಡಿದುಕೊಂಡು ನೇರವಾಗಿ ಗೋಲಿನೊಳಗೇ ನಡೆದಳು.

"ಅವ್ವಾ, ಆಟ ನಡದೈತಿ. ಕ್ಯಾಮೆರಾ ಐತಿ."

"ಇರಲಿ, ಕುಡಿ."

ಸ್ಮಿತಾ ಕುಡಿದಳು. ಎಲ್ಲವೂ ವಿಡಿಯೋದಲ್ಲಿ ಬಂತು. ಕತ್ತರಿಸುವಂತಿರಲಿಲ್ಲವಲ್ಲ!

ಮನೆಗೆ ಬಂದ ಮೇಲೆ ಸ್ಮಿತಾ ಬಟ್ಟೆ ಬದಲಿಸಿ, ಆಟದ ಅಂಗಿಯನ್ನು ತಂದು ನನ್ನ ಮುಂದೆ ಹಿಡಿದಳು. ಅದರ ಮೇಲೆ ಒಂದು ಮಣ್ಣಿನ ಕಲೆಯೂ ಇರಲಿಲ್ಲ. "ಒಗಿಯೂದು ಉಳೀತು," ಎಂದಳು ಗಂಗಾ. ಸ್ಮಿತಾಗೆ ಆ ವಿಡಿಯೋ ಕಳಿಸುವ ಮನಸ್ಸೇ ಇರಲಿಲ್ಲ. ವೇಳೆ ಮೀರುತ್ತದೆ ಎಂದು ನಾನೇ ಹಟ ಹಿಡಿದು ಕಳಿಸಲು ಹಚ್ಚಿದೆ. 'ಇಡೀ ಪಂದ್ಯದಲ್ಲಿ ನನ್ನ ಮಗಳು ಒಂದೇ ಒಂದು ಗೋಲನ್ನೂ ಬಿಟ್ಟುಕೊಟ್ಟಿಲ್ಲ ಎಂಬುದನ್ನು ತಾವು ಗಮನಿಸಬೇಕಾಗಿ ವಿನಂತಿ' ಎಂಬ ಒಕ್ಕಣೆಯನ್ನೂ ಬರೆಸಿದೆ.

ಎರಡು ದಿನಕ್ಕೆ ಉತ್ತರ ಬಂತು. ಸ್ಮಿತಾ ಅದನ್ನು ಕನ್ನಡದಲ್ಲಿ ಓದಿ ಹೇಳಿದಳು. ಗೋಲ್‌ಕೀಪರ್ ಏನು ಮಾಡಬಲ್ಲಳು ಎಂಬುದು ಕಾಣಲಿಲ್ಲ, ಏನೋ ಕುಡಿದದ್ದು ಮಾತ್ರ ಸ್ಪಷ್ಟವಾಗಿ ಕಂಡಿತು. ಬೇರೆ ಹುಡುಗಿಯರನ್ನೂ ನೋಡುತ್ತಿದ್ದೇವೆ. ಇನ್ನೊಂದು ಪಂದ್ಯ ಇದ್ದರೆ ಬೇಗ ಕಳಿಸು.

ಸ್ಮಿತಾ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂಗಡಿಗೆ ಬಂದು ಕೂತರೂ ನನಗೆ ಒಂದೇ ಸಂಕಟ. ಮಗಳು ನನ್ನನ್ನು ಕೇಳಿದ್ದು ಗಟ್ಟಿ ಎದುರಾಳಿಗಳನ್ನು. ನಾನು ಮಾಡಿಕೊಟ್ಟದ್ದು ಹನ್ನೊಂದು ಮಂದಿ ಅಕ್ಕಂದಿರನ್ನು.

ಮುಂದಿನ ಭಾನುವಾರ ಸ್ಮಿತಾ ಬೆಳಿಗ್ಗೆಯೇ ಎದ್ದು ಎಲ್ಲಿಗೋ ಹೋದಳು. ನನಗೆ ಹೇಳಲಿಲ್ಲ. ಸಂಜೆ ಬಂದಾಗ ತುಟಿ ಬಾತಿತ್ತು, ಮೊಣಕೈ ತರಚಿತ್ತು, ಅಂಗಿ ಎರೆಮಣ್ಣಿನಿಂದ ಗುರುತು ಸಿಗದಂತಾಗಿತ್ತು. ಮುಖದಲ್ಲಿ ಮಾತ್ರ ನಗು. ಹೆಗಲ ಮೇಲಿದ್ದ ಚೀಲವನ್ನು ನನ್ನ ಮುಂದೆ ಇಳಿಸಿದಳು. ಒಳಗೆ ಸ್ಟೀಲ್ ಡಬ್ಬಿಗಳು.

"ಏನವಾ ಇದು?"

"ನಮ್ಮ ಟೀಮ್ ಕರಕೊಂಡು ಲಕ್ಷ್ಮೇಶ್ವರಕ್ಕ ಹೋಗಿ ಮತ್ತ ಮ್ಯಾಚ್ ಆಡಿ ಬಂದೆ. ಡಬ್ಬಿ ಇಟಗೊಂಡು ಹೊಡಿಯಾಕ ಮನಸ ಒಪ್ಪಂಗಿಲ್ಲ ಅಂತಂದು ಮೊದಲ ಡಬ್ಬಿ ವಾಪಸ್ ಕೊಟ್ರು. ಆಮ್ಯಾಲೆ ಹೊಡದ್ರು. ಕಾಕಾಗ ಸಿಟ್ಟಾಗಬ್ಯಾಡ್ರಿ ಅಂತ ಹೇಳು ಅಂದಾಳ ಶಾಹೀನ್."

"ಎಷ್ಟು ಗೋಲ್ ಹೊಡದ್ಲು?"

"ಅಕಿ ಒಬ್ಬಾಕಿನ ನಾಕು," ಎಂದಳು, ಬಹುಮಾನ ಬಂದವಳ ಹಾಗೆ.

ಆ ವಿಡಿಯೋ ನೋಡಿದೆ. ಶಾಹೀನ್ ನುಗ್ಗಿ ಬಂದಾಗೆಲ್ಲ ಸ್ಮಿತಾ ಅವಳ ಕಾಲಿಗೇ ಬೀಳುತ್ತಿದ್ದಳು, ಏಳುತ್ತಿದ್ದಳು, ತನ್ನವರಿಗೆ ಕೂಗಿ ಹೇಳುತ್ತಿದ್ದಳು. ನಾಲ್ಕು ಹೋದವು, ನಿಜ. ತಡೆದದ್ದನ್ನು ಎಣಿಸಲು ನನ್ನಿಂದಾಗಲಿಲ್ಲ, ಕಣ್ಣು ಮಂಜಾಗಿದ್ದವು. ಇಷ್ಟು ವರ್ಷದಲ್ಲಿ ನನ್ನ ಮಗಳು ಆಡುವುದನ್ನು ನಾನು ನೋಡಿದ್ದು ಅದೇ ಮೊದಲು.

ಕೋಚ್ ಬಾಯಿ ಮರುದಿನವೇ ಬರೆದಳು. ಬಹಳ ಚೆನ್ನಾಗಿ ಆಡಿದ್ದೀ. ಇದನ್ನೇ ಮೊದಲು ಕಳಿಸಿದ್ದರೆ ಆಗುತ್ತಿತ್ತು, ಈಗ ಜಾಗ ಇನ್ನೊಬ್ಬಳಿಗೆ ಹೋಗಿದೆ. ಬರುವ ವರ್ಷ ಮತ್ತೆ ನೋಡೋಣ, ಇಂಥವೇ ಪಂದ್ಯ ಆಡಿ ಕಳಿಸುತ್ತಿರು. ಅಂತೂ ನಾನು ತಿನ್ನಿಸಿದ ಶಿರಾ ನನ್ನ ಮಗಳ ಒಂದು ವರ್ಷವನ್ನು ನುಂಗಿತು.

ಹೆಸರು ಕೊರೆದ ಡಬ್ಬಿಗಳು ಮಾರಾಟವಾಗುವುದಿಲ್ಲ. ಅಂಗಡಿಯ ಮೇಲಿನ ಹಲಗೆಯ ಮೇಲೆ ಇಟ್ಟಿದ್ದೇನೆ. ಓದಿದ ಗಿರಾಕಿಗಳು, "ಮಗಳು ಅಮೆರಿಕಾಕ್ಕ ಹೋಗಿ ಬಂದ್ಲೇನ್ರಿ?" ಎಂದು ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಸಾಕಾಗಿದೆ.

ಕಳೆದ ಭಾನುವಾರ ಶಿರಹಟ್ಟಿಯಲ್ಲಿ ಸ್ಮಿತಾಳ ಪಂದ್ಯವಿತ್ತು. "ನಾನೂ ಬರ್ಲೇನವಾ?" ಎಂದು ಅಳುಕುತ್ತಲೇ ಕೇಳಿದೆ.

ಅವಳು ಕೈಗವಸನ್ನು ಚೀಲಕ್ಕೆ ತುರುಕಿದಳು. "ಬಾ. ಬರಿಗೈಲೆ ಬಾ."

ಅವಳು ಮುಂಚಿತವಾಗಿ ಹೋದಳು. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಗಂಗಾ ಒಂದು ಡಜನ್ ಬಾಳೆಹಣ್ಣು ತಂದು ಕೈಗಿಟ್ಟಳು. "ಬರಿಗೈಲೆ ಹ್ವಾದ್ರ ಮಂದಿ ಏನಂದಾರು? ಇಷ್ಟರೆ ಒಯ್ರಿ." ಅವಳಿಗೆ ಇಲ್ಲ ಅನ್ನುವ ಧೈರ್ಯ ನನಗೆ ಮದುವೆಯಾದಾಗಿನಿಂದ ಬಂದಿಲ್ಲ. ಬಸ್ಸಿನಲ್ಲಿ ಕೂತು ಒಂದೊಂದಾಗಿ ತಿನ್ನತೊಡಗಿದೆ. ಶಿರಹಟ್ಟಿ ಬರುವಷ್ಟರಲ್ಲಿ ಹಣ್ಣು ಮುಗಿದಿದ್ದವು, ನಾನೂ ಮುಗಿದಿದ್ದೆ.

ಮೈದಾನದಲ್ಲಿ ಸ್ಮಿತಾ ಗೋಲಿನೊಳಗಿಂದ ನನ್ನನ್ನು ನೋಡಿದಳು. ಮೊದಲು ನೋಡಿದ್ದು ನನ್ನ ಕೈ. ಎರಡೂ ಕೈ ಎತ್ತಿ ತೋರಿಸಿದೆ. ಅವಳು ತಲೆಯಾಡಿಸಿ ಬಾಲಿನ ಕಡೆ ತಿರುಗಿದಳು. ನಾನು ಹನ್ನೆರಡು ಬಾಳೆಹಣ್ಣಿನ ಹೊಟ್ಟೆ ಹೊತ್ತುಕೊಂಡು ಹೋಗಿ, ಗೋಲಿನಿಂದ ಆದಷ್ಟು ದೂರ, ಬಾಯಿ ಮುಚ್ಚಿಕೊಂಡು ಕೂತೆ.