ಮಂಜೂರಾದ ಗೆಲುವು

ಕುಸ್ತಿ ಮಂಡಳಿಯ ಅಖಾಡದಲ್ಲಿ ಯಾರು ಗೆಲ್ಲಬೇಕೆಂಬುದನ್ನು ಕುಸ್ತಿಪಟುಗಳ ಮರ್ಜಿಗೆ ಬಿಡುವ ಪದ್ಧತಿ ಇಲ್ಲ. ಅದಕ್ಕೆಂದೇ ಎರಡನೇ ಮಹಡಿಯಲ್ಲಿ ಫಲಿತಾಂಶ ಶಾಖೆಯಿದೆ. ಅಲ್ಲಿಂದ ಬಂದ ಆದೇಶದಂತೆ ಒಬ್ಬ ಗೆಲ್ಲುತ್ತಾನೆ, ಇನ್ನೊಬ್ಬ ಸೋಲುತ್ತಾನೆ, ಪ್ರೇಕ್ಷಕರು ಬೆರಗಾಗುತ್ತಾರೆ.

ಸಿಡಿಲು ಎಂಬ ಬಿರುದಿನ ಕುಸ್ತಿಪಟು ಇಪ್ಪತ್ತಮೂರು ವರ್ಷದ ಸೇವೆಯಲ್ಲಿ ಸೋತಿದ್ದೇ ಸೋತಿದ್ದು. ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದವನು. ಎಂಥವನನ್ನೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಮಗುಚಬಲ್ಲ. ಆದರೆ ಅವನು ಕೆಲಸಕ್ಕೆ ಸೇರಿದ ದಿನ ಖಾಲಿ ಇದ್ದದ್ದು ಸೋಲುವವರ ಹುದ್ದೆ ಮಾತ್ರ. ಅದರಲ್ಲಿ ಬಡ್ತಿಗೆ ಅವಕಾಶವಿಲ್ಲ.

"ನಾನು ಕಣ್ಣು ಮುಚ್ಚೋದ್ರೊಳಗೆ ಒಂದೇ ಒಂದು ಸಲ ಗೆದ್ದು ತೋರಿಸೋ" ಎಂದಳು ತಾಯಿ. "ಇನ್ನೂ ಎಷ್ಟು ವರ್ಷ ನಿನ್ನ ಬೆನ್ನಿಗೆ ಎಣ್ಣೆ ತಿಕ್ತಾ ಕೂರಲಿ?"

ನಿವೃತ್ತಿಗೆ ತಿಂಗಳಿರುವಾಗ ಸಿಡಿಲು ಒಂದು ಗೆಲುವು ಕೋರಿ ಅರ್ಜಿ ಹಾಕಿದ. ಎದುರಾಳಿ ಹೆಬ್ಬಂಡೆಯ ನಿರಾಕ್ಷೇಪಣಾ ಪತ್ರ, ವೈದ್ಯರ 'ಗೆಲ್ಲಲು ಸಮರ್ಥ' ಪ್ರಮಾಣಪತ್ರ, ಎಲ್ಲವನ್ನೂ ಮೂರು ಪ್ರತಿಗಳಲ್ಲಿ ಲಗತ್ತಿಸಿದ್ದ. ನಿವೃತ್ತಿಗೆ ಐದು ದಿನವಿರುವಾಗ ಪಂದ್ಯ ನಿಗದಿಯಾಯಿತು. ಆದೇಶ ಮಾತ್ರ ಬರಲಿಲ್ಲ.

"ಕಡತ ಮೇಜಿನ ಮೇಲಿದೆ, ಸಾಹೇಬರು ಕುರ್ಚಿ ಮೇಲಿಲ್ಲ" ಎಂದ ಗುಮಾಸ್ತ.

ಪಂದ್ಯ ಸರಿಯಾದ ವೇಳೆಗೆ ಆರಂಭವಾಯಿತು. ಸಿಡಿಲು ಹೆಬ್ಬಂಡೆಯನ್ನು ಎತ್ತಿ ಹಾಕಿ, ಎರಡೂ ಭುಜಗಳನ್ನು ನೆಲಕ್ಕೆ ಒತ್ತಿ ಹಿಡಿದ. ತೀರ್ಪುಗಾರ "ಒಂದು, ಎರಡು" ಎಂದು ಎಣಿಸಿ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ.

ಮುಂದಿನ ಸಾಲಿನಿಂದ ತಾಯಿ ಕೂಗಿದಳು: "ಯಾಕಪ್ಪ, ಮೂರು ಅನ್ನೋಕೆ ಬಾಯಿ ಬಿದ್ದುಹೋಗಿದೆಯಾ?"

"ಆದೇಶ ಬಂದಿಲ್ಲ ತಾಯಿ. ಎರಡರವರೆಗೆ ಮಾತ್ರ ನನಗೆ ಅಧಿಕಾರ."

ಸಂಜೆ ಐದೂವರೆಗೆ ಗುಮಾಸ್ತ ಬಂದು, ಇಬ್ಬರ ಮೈಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎಲ್ಲರನ್ನೂ ಮನೆಗೆ ಕಳಿಸಿದ. ಮರುದಿನ ಹತ್ತಕ್ಕೆ ಅವರು ಗೆರೆಗೆ ಸರಿಯಾಗಿ ಹಿಡಿತ ಮುಂದುವರಿಸಿದರು. ಧ್ವನಿವರ್ಧಕ ಪ್ರಕಟಿಸಿತು: "ಪ್ರೇಕ್ಷಕರು ನಿನ್ನೆಯ ಉದ್ವೇಗವನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸತಕ್ಕದ್ದು."

"ಅಣ್ಣ, ಮೊಣಕೈ ಗೆರೆ ದಾಟಿದೆ" ಎಂದ ಹೆಬ್ಬಂಡೆ ಕೆಳಗಿನಿಂದ. "ಆಮೇಲೆ ತಕರಾರು ಬೇಡ."

ಹೀಗೆ ಐದು ದಿನ ಕಳೆದವು. ಸಿಡಿಲು ಹಿಡಿತದಲ್ಲಿದ್ದಂತೆಯೇ ನಿವೃತ್ತನಾದ. ಹಿಡಿತವನ್ನು ಯಾರಿಗೂ ಹಸ್ತಾಂತರಿಸಿರಲಿಲ್ಲವಾದ್ದರಿಂದ ಆರನೆಯ ದಿನವೂ ಬರಬೇಕಾಯಿತು. ಅಂದು ಆದೇಶ ಬಂತು. ಗುಮಾಸ್ತ ಗಟ್ಟಿಯಾಗಿ ಓದಿದ:

"ಒಂದು: ಅರ್ಜಿದಾರರಿಗೆ ಕೋರಿದಂತೆ ಒಂದು ಗೆಲುವನ್ನು ಮಂಜೂರು ಮಾಡಿದೆ. ಎರಡು: ಅರ್ಜಿದಾರರು ನಿನ್ನೆ ನಿವೃತ್ತರಾಗಿರುವುದರಿಂದ ಸದರಿ ಗೆಲುವನ್ನು ಅಖಾಡದಲ್ಲಿರುವ, ಸೇವೆಯಲ್ಲಿನ ಹಿರಿಯರಿಗೆ ವರ್ಗಾಯಿಸತಕ್ಕದ್ದು. ಸೋಲಿಗೆ ವಯೋಮಿತಿ ಇರುವುದಿಲ್ಲ."

ಅಖಾಡದಲ್ಲಿದ್ದ ಸೇವಾನಿರತ ಹಿರಿಯ ಅಡಿಯಲ್ಲಿ ಮಲಗಿದ್ದ ಹೆಬ್ಬಂಡೆಯೇ. ಸಿಡಿಲು ಎದ್ದ. ಒಮ್ಮೆ ಮುಷ್ಟಿ ಬಿಗಿದ, ಬಿಚ್ಚಿದ. ಇಬ್ಬರೂ ಜಾಗ ಬದಲಿಸಿದರು. ಹೆಬ್ಬಂಡೆಯ ಗೆರೆ ಅವನಿಗೆ ದೊಡ್ಡದಾಯಿತು. ಅದರೊಳಗೆ ಅಂಗಾತ ಮಲಗಿದವನಿಗೆ ತಾಯಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ತೀರ್ಪುಗಾರ ಆರು ದಿನದಿಂದ ಬಾಕಿಯಿದ್ದ "ಮೂರು" ಎಂದು ಕೈ ಇಳಿಸಿದ. ಪ್ರೇಕ್ಷಕರು ಬೆರಗಾದರು.

ಈಗ ಆ ಆದೇಶ ಮನೆಯ ಗೋಡೆಯ ಮೇಲಿದೆ. ಕಟ್ಟು ಹಾಕಿಸುವಾಗ ತಾಯಿ ಎರಡನೇ ಕಂಡಿಕೆಯನ್ನು ಒಳಕ್ಕೆ ಮಡಚಿಸಿದ್ದಾಳೆ. ಬಂದವರೆಲ್ಲ ಓದಿ ಭೇಷ್ ಎನ್ನುತ್ತಾರೆ. ಹೆಬ್ಬಂಡೆ ಪ್ರತಿ ಭಾನುವಾರ ಬರುತ್ತಾನೆ, ಆಗೆಲ್ಲ ತಾಯಿ ನೆಂಟರ ಮುಂದೆ ಅವನನ್ನು ನಿಲ್ಲಿಸಿ ಕೇಳುತ್ತಾಳೆ: "ನೀನೇ ಹೇಳಪ್ಪ, ಅವತ್ತು ಗೆದ್ದಿದ್ದು ಯಾರು?"

"ಗೆದ್ದಿದ್ದು ನಿಮ್ಮ ಮಗನೇ ಅಮ್ಮಾ" ಎನ್ನುತ್ತಾನೆ ಹೆಬ್ಬಂಡೆ, ಕೈಕಟ್ಟಿ. "ನಾನು ಬರೀ ವಿಜೇತ."