ಒಂದು ಹಾಡಿ, ಮೂರು ಸಹಿ

ಒಳ್ಳೆಯ ಕೆಲಸಕ್ಕೆ ಸಹಿ ಕೇಳಿ ನೋಡಿ, ನಿಮ್ಮ ಮನೆಯವರು ಎಂಥವರೆಂದು ಆಗ ಗೊತ್ತಾಗುತ್ತದೆ. ನನಗಂತೂ ವರ್ಷಕ್ಕೊಮ್ಮೆಯಾದರೂ ಗೊತ್ತಾಗುತ್ತದೆ. ನಾನು ಕಾಲೇಜು ಕಂಡವಳಲ್ಲ. ದುಬೈಯಲ್ಲಿ ನಮ್ಮ ಬಿಲ್ಡಿಂಗಿನ ಎಸಿ ಕೆಟ್ಟಾಗ ಮನೆಮನೆಯ ಬಾಗಿಲು ಬಡಿದು ಹೋರಾಟ ಕಲಿತವಳು. ಈ ಸಲದ ಹೋರಾಟ ಊರಿನ ಹಾಡಿಗಾಗಿ. ಉಡುಪಿ ಕಡೆ ಅಮ್ಮನಿಂದ ಬಂದ ಆರು ಎಕರೆ ಕಾಡು ಅಣ್ಣ, ನಾನು, ತಮ್ಮ ಮೂವರ ಹೆಸರಿನಲ್ಲಿದೆ. ಕಡಿಯದೆ ಕಾಪಾಡುತ್ತೇವೆಂದು ಅರಣ್ಯ ಇಲಾಖೆಗೆ ಫಾರಂ ಬರೆದುಕೊಟ್ಟು ನೋಂದಾಯಿಸಿದರೆ ಕಂದಾಯದಲ್ಲಿ ರಿಯಾಯಿತಿ. ಅತ್ತ ಮರದ ವ್ಯಾಪಾರಿಯೊಬ್ಬ ಅಣ್ಣನಿಗೂ ತಮ್ಮನಿಗೂ ಬೇರೆಬೇರೆಯಾಗಿ ಫೋನ್ ಮಾಡುತ್ತಿದ್ದ. ಇಬ್ಬರೂ ಒಂದೇ ದಿನ ‘ಹೂಂ’ ಅಂದರೆ ನನ್ನ ಮಾತು ಕೇಳುವವರಿಲ್ಲ, ಹಾಡಿ ಖಲಾಸ್!

೧. ಮೊದಲು ಅವನು

ಅಣ್ಣನಿಗೆ ದುಬೈಯ ನೈಫ್ ಪೇಟೆಯಲ್ಲಿ ಸೂಟ್‌ಕೇಸ್ ಅಂಗಡಿ. ಫಾರಂ ಹಿಡಿದು ಓಡಿದೆ.

“ಹಾಕ್ತೇನೆ. ಮೊದಲು ಅವ ಹಾಕ್ಲಿ.”

“ಯಾಕೆ?”

“ನಾನು ಮೊದಲು ಹಾಕಿದ್ರೆ, ನನಗೆ ಎಂತದೋ ಲಾಭ ಉಂಟು ಅಂತ ಅವ ಹಾಕುದಿಲ್ಲ.”

ಬಸ್ಸು ಹತ್ತಿ ಅಬುಧಾಬಿಗೆ, ಅಲ್ ರೀಮ್ ಐಲ್ಯಾಂಡಿನ ತಮ್ಮನ ಮನೆಗೆ ಹೋದೆ.

“ಹಾಕುವ ಅಕ್ಕ, ಅಣ್ಣ ಮೊದಲು ಹಾಕ್ಲಿ. ಹಿರಿಯರಲ್ವಾ?”

“ಅವನನ್ನು ಹಿರಿಯ ಅಂತ ಯಾವಾಗ ಒಪ್ಪಿದ್ದು ನೀನು?”

“ಈ ಫಾರಂಗೆ ಮಾತ್ರ.”

೨. ಯಲ್ಲಾ!

ಸಿಟ್ಟು ನೆತ್ತಿಗೇರಿತು. ಎರಡು ಊರುಗಳ ನಡುವಿನ ಹೆದ್ದಾರಿಯ ಪೆಟ್ರೋಲ್ ಪಂಪಿಗೆ ಇಬ್ಬರನ್ನೂ ಕರೆಸಿದೆ. ಫಾರಂನ ಎರಡು ಪ್ರತಿ, ಎರಡು ಪೆನ್ನು, ಒಂದು ಕಾರಿನ ಬಾನೆಟ್. “ಒಂದು, ಎರಡು, ಯಲ್ಲಾ!” ಎಂದು ಅರಬರ ಹಾಗೆ ಹುರಿದುಂಬಿಸಿ ಕೂಗಿದೆ. ಇಬ್ಬರೂ ಪೆನ್ನನ್ನು ಕಾಗದದ ಹತ್ತಿರ ತಂದರು. ಅಷ್ಟೇ. ಒಬ್ಬರ ಪೆನ್ನನ್ನು ಇನ್ನೊಬ್ಬರು ನೋಡುತ್ತ ನಿಂತರು. ಆ ಜುಲೈ ಬಿಸಿಲಿನಲ್ಲಿ ಎರಡೂ ಪ್ರತಿಗಳ ಮೇಲೆ ಬಿದ್ದದ್ದು ನನ್ನ ಬೆವರು ಮಾತ್ರ.

೩. ಮರದ ಲೆಕ್ಕ

ಊರಿನ ಅರಣ್ಯಾಧಿಕಾರಿಗೆ ಫೋನಿನಲ್ಲೇ ಕಿರುಚಿದೆ. “ಕಡಿಯುವವನಿಗೆ ಒಂದು ಗರಗಸ ಸಾಕು, ಉಳಿಸುವವನಿಗೆ ಹದಿನಾಲ್ಕು ಪುಟ! ಇದು ಯಾವ ನ್ಯಾಯ ಸ್ವಾಮಿ?”

ಪುಣ್ಯಾತ್ಮ ಮೆತ್ತಗಾದರು. “ಸಹಿ ಕೊನೆಗೆ ಹಾಕಿ ಮೇಡಂ, ಮೊದಲು ಮರ ನೋಡುವ.”

ಶನಿವಾರ ಅವರು ಹಾಡಿಯಲ್ಲಿ ನಿಂತು ವಿಡಿಯೋ ಕಾಲ್ ಮಾಡಿದರು. ಇತ್ತ ನನ್ನ ಮನೆಯ ಸೋಫಾದಲ್ಲಿ ಅಣ್ಣ ಆ ತುದಿ, ತಮ್ಮ ಈ ತುದಿ.

“ಬೋಗಿ ಮರ ಎಷ್ಟು?” ಅಧಿಕಾರಿ ಕೇಳಿದರು.

“ಇಪ್ಪತ್ತೊಂದು,” ಇಬ್ಬರೂ ಒಟ್ಟಿಗೆ ಅಂದರು.

“ಹಲಸು?”

“ಹದಿನೇಳು.” ಮತ್ತೆ ಒಟ್ಟಿಗೆ!

ಅಧಿಕಾರಿ ಸುತ್ತಾಡಿ ಎಣಿಸಿದರು. ಒಂದೂ ತಪ್ಪಿಲ್ಲ. “ಇಷ್ಟು ಸರಿಯಾದ ಲೆಕ್ಕ ನಮ್ಮ ಹತ್ರವೂ ಇಲ್ಲ. ಹೇಗೆ ಇಟ್ರಿ?”

“ರಜೆಗೆ ಹೋದಾಗಲೆಲ್ಲ ಎಣಿಸ್ತೇನೆ ಸಾರ್,” ಅಂದ ತಮ್ಮ. “ಅಣ್ಣ ಕದ್ದು ಕಡಿದ್ರೆ ಗೊತ್ತಾಗ್ಬೇಕಲ್ಲ?”

ಅಣ್ಣ ಎದ್ದು ನಿಂತ. “ನೋಡಿ ಸಾರ್, ನಾನು ಹೇಳ್ಬೇಕು ಅಂತಿದ್ದ ಮಾತನ್ನೂ ಕದ್ದ!”

೪. ನಿರ್ವಹಣೆ

ಕೊನೆಯ ಪುಟದಲ್ಲೊಂದು ಕಾಲಂ: ‘ಇದುವರೆಗೆ ಕಾಡನ್ನು ನಿರ್ವಹಿಸಿದ ಪದ್ಧತಿ.’ ಪೆನ್ನು ನಾನೇ ಹಿಡಿದೆ. ಸುಳ್ಳು ಬರೆಯುವುದು ನನ್ನಿಂದಾಗದು. ಅಣ್ಣ ಗರಗಸದವರನ್ನು ಕರೆದಾಗ ತಮ್ಮ ತಡೆದಿದ್ದ. ತಮ್ಮ ಕರೆದಾಗ ಅಣ್ಣ. ಇಪ್ಪತ್ತು ವರ್ಷದಲ್ಲಿ ಒಂದು ಕೊಂಬೆಗೂ ಕತ್ತಿ ಬಿದ್ದಿಲ್ಲ. ದೊಡ್ಡ ಅಕ್ಷರದಲ್ಲಿ ‘ಜಗಳ’ ಎಂದು ಬರೆದು ಫೋಟೊ ಕಳಿಸಿದೆ.

ಹತ್ತು ನಿಮಿಷದಲ್ಲಿ ಅಧಿಕಾರಿಯ ಫೋನ್. ಸ್ಪೀಕರ್ ಹಾಕಿದೆ.

“ಮೇಡಂ, ನನ್ನ ಒಪ್ಪಿಗೆ ಉಂಟು. ಈಗಲೇ ಸಹಿ ಹಾಕಿಸಿ. ಒಂದೇ ಷರತ್ತು: ಮುಂದಿನ ಹತ್ತು ವರ್ಷವೂ ಇದೇ ಪದ್ಧತಿ ಮುಂದುವರಿಸಬೇಕು.”

ಅಣ್ಣ ಪೆನ್ನಿಗೆ ಕೈ ಹಾಕಿದ. ಅದೇ ಪೆನ್ನಿಗೆ ತಮ್ಮನೂ ಕೈ ಹಾಕಿದ.

“ಬಿಡು ಮಾರಾಯ, ನಾನು ಮೊದಲು!”

“ಎಂತ ನೀವು ಮೊದಲು? ನಾನು ಮೊದಲು!”

ನಮ್ಮ ಹಾಡಿಯ ಹತ್ತು ವರ್ಷದ ನಿರ್ವಹಣೆ ಆ ಕ್ಷಣವೇ ಶುರುವಾಯಿತು.